ಅಂಬಾಸಿಡರ್ ಎಂಜಿನ್ ಕಟ್ಟುವಾಗ ನಾನು ಎಡವಿದ ಜಾಗ, ಮತ್ತು ಒಂಬತ್ತರ ಲೆಕ್ಕ

ನಮ್ಮ ಕಾಕಾನ ಅಂಬಾಸಿಡರ್ ಮಾರ್ಕ್ ಫೋರ್‌ನ ಎಂಜಿನ್ ಬಿಚ್ಚಿ ಮತ್ತೆ ಕಟ್ಟಿ ಇನ್ನೂ ವಾರ ಆಗಿಲ್ಲ. ಕೈಗೆ ಹತ್ತಿದ ಗ್ರೀಸ್ ವಾಸನೆ ಹೋಗುವ ಮೊದಲೇ ಬರೆದಿಡುತ್ತಿದ್ದೇನೆ, ಇಲ್ಲಾಂದ್ರೆ ನಾನೇ ಮರೆಯುತ್ತೇನೆ. ಬೋಲ್ಟ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಡುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ಇದೆಲ್ಲ ನಿಮಗೆ ಗೊತ್ತಿರುತ್ತದೆ.

ಇದು 1489 ಸಿಸಿಯ ಹಳೆಯ ಬಿಎಂಸಿ ಬಿ-ಸೀರೀಸ್ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರ್, ಎಂಟು ವಾಲ್ವ್. ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್, ಬ್ಲಾಕ್‌ನ ಹೊಟ್ಟೆಯಲ್ಲೇ ಇದೆ. ಅದು ಪುಶ್ ರಾಡ್ ಎತ್ತುತ್ತದೆ, ಪುಶ್ ರಾಡ್ ರಾಕರ್ ಎತ್ತುತ್ತದೆ, ರಾಕರ್ ವಾಲ್ವ್ ಒತ್ತುತ್ತದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಕ್ರಮ, 1-3-4-2.

ಬೋರ್ ಮತ್ತು ರಿಂಗ್

ಬ್ಲಾಕನ್ನು ಲೇಥ್‌ನವರ ಹತ್ತಿರ ಒಯ್ದು ಸಿಲಿಂಡರ್ ತೂತುಗಳನ್ನು 30 ಥೌ ಅಗಲಿಸಿ ಬೋರ್ ಮಾಡಿಸಿದೆ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಪಿಸ್ಟನ್ ಮೊದಲು ತಂದು, ಅದನ್ನೇ ಅಳತೆಗೆ ಕೊಟ್ಟು ಬೋರ್ ಮಾಡಿಸಿ. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುತ್ತಾ ಅಲೆಯಬೇಡಿ.

ರಿಂಗ್ ಗ್ಯಾಪ್, ಅಂದರೆ ಪಿಸ್ಟನ್ ರಿಂಗ್‌ನ ಎರಡು ತುದಿಗಳ ನಡುವಿನ ಸಂದು, ಅಳೆಯಲು ರಿಂಗನ್ನು ಬೋರ್ ಒಳಗಿಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಒಂದು ಇಂಚು ಒಳಗೆ ದಬ್ಬಿ. ರಿಂಗ್ ಸಮ ಕೂರುತ್ತದೆ. ಆಮೇಲೆ ಆ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ಬೋರ್‌ನ ಪ್ರತಿ ಇಂಚಿಗೆ 3ರಿಂದ 4 ಥೌ ಅನ್ನುವುದು ರೂಢಿಯ ಲೆಕ್ಕ. ನಮ್ಮ ಬೋರ್ ಸುಮಾರು 2.9 ಇಂಚು, ಹಾಗಾಗಿ 9ರಿಂದ 12 ಥೌ.

ಕೆಲಸವೆಲ್ಲ ಸಂಜೆ ಐದರ ಮೇಲೆ. ಕಲಬುರಗಿಯ ಮೇ ತಿಂಗಳಲ್ಲಿ ಮಧ್ಯಾಹ್ನ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಸ್ಪಾನರ್ ಇಟ್ಟರೆ ಮತ್ತೆ ಎತ್ತಲು ಬಟ್ಟೆ ಬೇಕು. ಧೂಳಂತೂ ಕೇಳಲೇಬೇಡಿ. ಬ್ಲಾಕ್ ಮೇಲೆ ಹಳೇ ಲುಂಗಿ ಒದ್ದೆ ಮಾಡಿ ಮುಚ್ಚುತ್ತಿದ್ದೆ. ಅದು ತಪ್ಪು, ಹೊಸದಾಗಿ ಹೋನ್ ಮಾಡಿದ, ಅಂದರೆ ಕಲ್ಲಿನಿಂದ ಉಜ್ಜಿದ, ಬೋರ್‌ಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಿತು. ಎಣ್ಣೆ ಸವರಿ ಒಣ ಬಟ್ಟೆ ಮುಚ್ಚಿ.

ನಾನು ಎಡವಿದ್ದು ಇಲ್ಲಿ

ಎಲ್ಲ ಕಟ್ಟಿಯಾಯಿತು. ಪುಲ್ಲಿಯ ಗುರುತು ಟೈಮಿಂಗ್ ಕವರ್‌ನ ಮುಳ್ಳಿಗೆ ಸರಿಯಾಗಿ ಕೂಡಿಸಿದೆ. 1ನೇ ಪಿಸ್ಟನ್ ಮೇಲೆ ಬಂತು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂರಿಸಿ, ಅದರೊಳಗೆ ತಿರುಗುವ ರೋಟರ್ ಎಲ್ಲಿ ನೋಡುತ್ತಿದೆಯೋ ಅಲ್ಲಿಗೆ 1ನೇ ಪ್ಲಗ್ ವೈರ್ ಹಾಕಿದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಕಾರ್ಬೊರೇಟರ್‌ನಿಂದ ಫಟ್ ಅಂತ ಒಂದು ಬೆಂಕಿ. ಮೂರು ಸಂಜೆ ಇದೇ ಆಟ. ಕಾಕಾ ಕಟ್ಟೆ ಮೇಲೆ ಕೂತು, "ಏನೋ ತಮ್ಮಾ, ಇದು ಬರೇ ಸೀನಲಿಕತ್ತದ" ಅಂದರು.

ನಾಲ್ಕನೇ ದಿನ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆದೆ. ಅವರು ಪುಲ್ಲಿ ಕಡೆ ತಿರುಗಿಯೂ ನೋಡಲಿಲ್ಲ. ರಾಕರ್ ಕವರ್ ತೆಗೆಸಿ, "ಮಾರ್ಕ್ ನೋಡೀರಿ, ವಾಲ್ವ್ ನೋಡಿಲ್ಲ" ಅಂದರು. ಅಷ್ಟೇ.

ಈಗ ನಿಧಾನಕ್ಕೆ. ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್. ಅದು ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಪುಲ್ಲಿ ಕ್ರ್ಯಾಂಕ್‌ಗೆ ಕೂತಿದೆ. ಡಿಸ್ಟ್ರಿಬ್ಯೂಟರ್ ಕ್ಯಾಮ್‌ನಿಂದ ತಿರುಗುತ್ತದೆ. ಒಂದು ಪೂರ್ತಿ ಕೆಲಸದಲ್ಲಿ, ಅಂದರೆ ಎಳೆ, ಒತ್ತು, ಉರಿ, ಹೊರಹಾಕು ಎಂಬ ನಾಲ್ಕು ಹೊಡೆತದಲ್ಲಿ, 1ನೇ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಒತ್ತಿದ ಕೊನೆಗೆ, ಒಮ್ಮೆ ಹೊಗೆ ಹೊರಹಾಕಿದ ಕೊನೆಗೆ. ಎರಡೂ ಸಲ ಪುಲ್ಲಿಯ ಗುರುತು ಮುಳ್ಳಿಗೆ ಕೂಡುತ್ತದೆ! ಕಿಡಿ ಬೇಕಾದದ್ದು ಮೊದಲನೆಯದಕ್ಕೆ ಮಾತ್ರ. ನಾನು ಎರಡನೆಯದಕ್ಕೆ ಕೊಟ್ಟಿದ್ದೆ. ಆ ಹೊತ್ತಿಗೆ ಇನ್ಲೆಟ್ ವಾಲ್ವ್ ಬಾಯಿ ಬಿಡುತ್ತಿರುತ್ತದೆ, ಕಿಡಿಗೆ ಹತ್ತಿದ ಉರಿ ಕಾರ್ಬೊರೇಟರ್ ಕಡೆ ನುಗ್ಗುತ್ತದೆ. ಸೀನು ಅದರದ್ದೇ.

ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್‌ನ ಬುಡ ಡ್ರೈವ್‌ನ ಸೀಳಿನಲ್ಲಿ ಒಂದೇ ರೀತಿ ಕೂರುತ್ತದೆ. ಅದಕ್ಕೇ ನಾನು ಅದು ತಪ್ಪಲು ಸಾಧ್ಯವೇ ಇಲ್ಲ ಅಂದುಕೊಂಡಿದ್ದೆ. ಆದರೆ ಅದರ ಕೆಳಗಿನ ಡ್ರೈವ್ ಗೇರನ್ನೇ ಅರ್ಧ ಸುತ್ತು ತಪ್ಪಿಸಿ ಇಳಿಸಿದ್ದೆ. ಅದರ ತಲೆಗೆ ಉದ್ದನೆಯ ಬೋಲ್ಟ್ ತಿರುವಿ ಹಿಡಿದು ಎತ್ತಿ, ಮತ್ತೆ ಇಳಿಸಬೇಕಾಯಿತು. ಹಲ್ಲು ಓರೆ ಇರುವುದರಿಂದ ಇಳಿಯುವಾಗ ಗೇರ್ ಸ್ವಲ್ಪ ತಿರುಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಷ್ಟೆಲ್ಲ ಬೇಡ ಅಂದರೆ 1-4 ವೈರ್ ಅದಲು ಬದಲು, 2-3 ವೈರ್ ಅದಲು ಬದಲು ಮಾಡಿದರೂ ಗಾಡಿ ಹತ್ತುತ್ತದೆ. ನಾನು ಹಾಗೆ ಬಿಡಲಿಲ್ಲ. ಮುಂದೆ ಬಿಚ್ಚುವವರು ನನ್ನನ್ನು ಬೈಯುತ್ತಾರೆ.

ಸರಿಯಾದ ಸಲ ಯಾವುದು ಅಂತ ತಿಳಿಯುವುದು ಹೇಗೆ? ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸುತ್ತಾ 4ನೇ ಸಿಲಿಂಡರ್‌ನ ರಾಕರ್ ಎರಡನ್ನೂ ನೋಡಿ. ಒಂದು ಮೇಲೇಳುತ್ತಿರುವಾಗಲೇ ಇನ್ನೊಂದು ಕೆಳಗಿಳಿಯಲು ಶುರು ಮಾಡುತ್ತದೆ. ಆ ಕ್ಷಣ ಮಾರ್ಕ್ ಕೂಡಿದ್ದರೆ 1ನೇ ಸಿಲಿಂಡರ್ ಕಿಡಿಗೆ ತಯಾರು. 1ನೇ ಸಿಲಿಂಡರ್‌ನ ರಾಕರ್‌ಗಳೇ ಹಾಗೆ ಆಡುತ್ತಿದ್ದರೆ ಇನ್ನೊಂದು ಸುತ್ತು ತಿರುಗಿಸಿ.

ಒಂಬತ್ತರ ಲೆಕ್ಕ

ಮೇಲಿನದು ತಲೆಗೆ ಹೋದರೆ ಇದು ಪುಕ್ಕಟೆ ಸಿಗುತ್ತದೆ. ಟ್ಯಾಪೆಟ್ ಗ್ಯಾಪ್, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಸಂದು, ನೋಡುವಾಗ ಆ ವಾಲ್ವ್‌ನ ಕ್ಯಾಮ್ ಪೂರ್ತಿ ಬೆನ್ನು ತಿರುಗಿಸಿ ನಿಂತಿರಬೇಕು. ಒಳಗಿರುವ ಕ್ಯಾಮ್ ಕಾಣುವುದಿಲ್ಲ, ಹಾಗಾದರೆ ಹೇಗೆ ತಿಳಿಯುವುದು? ಮುಂದಿನಿಂದ ವಾಲ್ವ್‌ಗಳಿಗೆ 1ರಿಂದ 8 ನಂಬರ್ ಕೊಡಿ. 8 ಪೂರ್ತಿ ಒತ್ತಿಕೊಂಡಿದ್ದರೆ 1 ನೋಡಿ. 6 ಒತ್ತಿದ್ದರೆ 3, 4 ಒತ್ತಿದ್ದರೆ 5, 7 ಒತ್ತಿದ್ದರೆ 2. ಆಮೇಲೆ ಉಲ್ಟಾ. ಯಾವಾಗಲೂ ಕೂಡಿದರೆ 9. ಇದೇ ಕ್ರಮದಲ್ಲಿ ಹೋದರೆ ಹ್ಯಾಂಡಲ್ ತಿರುಗಿಸುವ ಶ್ರಮ ಕಡಿಮೆ.

ಇದು ಯಾಕೆ ಕೂಡುತ್ತದೆ? 1 ಮತ್ತು 4ನೇ ಸಿಲಿಂಡರ್ ಕ್ರ್ಯಾಂಕ್‌ನ ಒಂದು ಸುತ್ತಿನಷ್ಟು ದೂರ, ಅಂದರೆ ಕ್ಯಾಮ್‌ನ ಅರ್ಧ ಸುತ್ತು. ಶರಣಬಸವೇಶ್ವರ ಜಾತ್ರೆಯ ತಿರುಗುವ ತೊಟ್ಟಿಲು ನೆನಪಿದೆಯಲ್ವಾ? ನೀವು ತುದಿಗೆ ಹೋದಾಗ ಎದುರಿನ ತೊಟ್ಟಿಲು ನೆಲಕ್ಕೆ ಬಂದಿರುತ್ತದೆ. ಹಾಗೇ ಇದು. 2 ಮತ್ತು 3ನೇ ಸಿಲಿಂಡರ್‌ಗೂ ಅದೇ ನಂಟು. ಮೇಲಾಗಿ ಈ ಹೆಡ್‌ನಲ್ಲಿ ಎಕ್ಸಾಸ್ಟ್, ಇನ್ಲೆಟ್, ಇನ್ಲೆಟ್, ಎಕ್ಸಾಸ್ಟ್, ಮತ್ತೆ ಅದೇ ಸಾಲು. ಹಾಗಾಗಿ 1ಕ್ಕೆ ಜೋಡಿಯಾದ 8 ಕೂಡ ಎಕ್ಸಾಸ್ಟೇ, 2ಕ್ಕೆ ಜೋಡಿಯಾದ 7 ಇನ್ಲೆಟ್ಟೇ.

ನನ್ನ ಮ್ಯಾನ್ಯುಅಲ್‌ನಲ್ಲಿರುವ 15 ಥೌ ಟ್ಯಾಪೆಟ್ ಗ್ಯಾಪ್ ಬಿಸಿ ಎಂಜಿನ್‌ಗೆ. ತಣ್ಣಗಿರುವಾಗ ಒಮ್ಮೆ ಇಟ್ಟು, ಓಡಿಸಿ ಬಂದು ಮತ್ತೆ ನೋಡಿ.

ಪಕ್ಕದ ಮನೆಯ ಹುಡುಗ ಇದನ್ನು ತನ್ನ ಮಾರುತಿ 800ಕ್ಕೂ ಹಚ್ಚಲು ಹೊರಟಿದ್ದ. ಅದು ಮೂರು ಸಿಲಿಂಡರ್, ಆರು ವಾಲ್ವ್. ಒಂಬತ್ತರ ಬದಲು ಏಳು ಅಂದ. ಅಲ್ಲಿ ಯಾವ ಎರಡು ಪಿಸ್ಟನ್‌ಗಳೂ ಜೊತೆಗೆ ಮೇಲೆ ಬರುವುದಿಲ್ಲ, ಎದುರಿನ ತೊಟ್ಟಿಲೇ ಇಲ್ಲ. ಅದಕ್ಕೆ ಒಂದೊಂದೇ ಸಿಲಿಂಡರನ್ನು ಕಂಪ್ರೆಶನ್‌ಗೆ, ಅಂದರೆ ಒತ್ತಿದ ಕೊನೆಗೆ, ತಂದು ನೋಡಬೇಕು.