ಒಂದೇ ರೂಪದ ಇನ್ಹೇಲರ್‌ಗಳು, ಬೇರೆ ಬೇರೆ ಕೆಲಸಗಳು

ಅಸ್ತಮಾದಲ್ಲಿ ಎರಡು ತೊಂದರೆಗಳು ಒಟ್ಟಿಗೆ ಇರುತ್ತವೆ. ಶ್ವಾಸನಾಳಗಳ ಸುತ್ತಲಿನ ಸ್ನಾಯುಗಳು ಬಿಗಿದುಕೊಂಡು ಗಾಳಿಯ ದಾರಿಯನ್ನು ಕಿರಿದಾಗಿಸುವುದು ಒಂದು. ನಾಳಗಳ ಒಳಪದರವು ಉರಿಯೂತದಿಂದ ಊದಿಕೊಂಡು ಕಫ ಹೆಚ್ಚುವುದು ಇನ್ನೊಂದು. ಮೊದಲನೆಯದು ಏದುಸಿರು, ಎದೆಬಿಗಿತಗಳ ರೂಪದಲ್ಲಿ ರೋಗಿಗೆ ಕೂಡಲೇ ಗೊತ್ತಾಗುತ್ತದೆ. ಎರಡನೆಯದು ಉಸಿರಾಟ ಸಲೀಸಾಗಿರುವ ದಿನಗಳಲ್ಲಿಯೂ ಒಳಗೊಳಗೇ ಮುಂದುವರಿದಿರುತ್ತದೆ. ಇನ್ಹೇಲರ್‌ಗಳ ನಡುವಿನ ಮುಖ್ಯ ವ್ಯತ್ಯಾಸ ಇರುವುದು ಅವು ಈ ಎರಡರಲ್ಲಿ ಯಾವುದಕ್ಕೆ ಮದ್ದು ಎಂಬುದರಲ್ಲಿ. ಇನ್ಹೇಲರಿನ ಇತಿಹಾಸದಲ್ಲಿ ಮೊದಲನೆಯದಕ್ಕೆ ಪರಿಹಾರ ಬೇಗ ದೊರಕಿತು, ಎರಡನೆಯದಕ್ಕೆ ತಡವಾಗಿ. ಆ ಅಂತರದಲ್ಲಿ ಬೇರೂರಿದ ಅಭ್ಯಾಸವೇ ಇಂದಿಗೂ ಅನೇಕರ ಜೀವಕ್ಕೆ ಕುತ್ತು ತರುತ್ತಿದೆ.

1950ರ ದಶಕದ ಮಧ್ಯಭಾಗದವರೆಗೆ ಔಷಧವನ್ನು ಉಸಿರಿನೊಂದಿಗೆ ಒಳಗೆ ಕಳಿಸಲು ರಬ್ಬರಿನ ಬುರುಡೆ ಇರುವ ಗಾಜಿನ ನೆಬ್ಯುಲೈಸರ್ ಬಳಕೆಯಲ್ಲಿತ್ತು. ಅದು ಸುಲಭವಾಗಿ ಒಡೆಯುತ್ತಿತ್ತು, ಪ್ರತಿ ಸಲ ಎಷ್ಟು ಔಷಧ ಹೊರಬರುತ್ತದೆ ಎಂಬುದಕ್ಕೂ ಖಾತರಿಯಿರಲಿಲ್ಲ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಸಂಸ್ಥೆಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಮಗಳಿಗೆ ಅಸ್ತಮಾ ಇತ್ತು; ಸ್ಪ್ರೇ ಡಬ್ಬಿಯಂತೆ ಒತ್ತಿದರೆ ಬರುವ ಔಷಧ ಏಕೆ ಇಲ್ಲ ಎಂದು ಆ ಹುಡುಗಿ ತಂದೆಯನ್ನು ಕೇಳಿದ್ದರಿಂದ ಕೆಲಸ ಶುರುವಾಯಿತೆಂದು ದಾಖಲಾಗಿದೆ. ಪ್ರತಿ ಒತ್ತುವಿಕೆಗೂ ಅಳತೆಯ ಔಷಧವನ್ನಷ್ಟೇ ಹೊರಬಿಡುವ ಕವಾಟ ಮತ್ತು ಅದನ್ನು ಚಿಮ್ಮಿಸುವ ಅನಿಲ ಸೇರಿದ ಮೆಡಿಹೇಲರ್ 1956ರಲ್ಲಿ ಮಾರುಕಟ್ಟೆಗೆ ಬಂತು. ಅದರೊಳಗಿದ್ದದ್ದು ಅಡ್ರಿನಲಿನ್ ಅಥವಾ ಐಸೊಪ್ರಿನಲಿನ್, ಅಂದರೆ ಸ್ನಾಯುಗಳನ್ನು ಸಡಿಲಿಸುವ ಔಷಧ ಮಾತ್ರ. ಉರಿಯೂತದ ಮೇಲೆ ಅದಕ್ಕೆ ಹಿಡಿತವಿರಲಿಲ್ಲ.

1960ರ ದಶಕದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲಾದ ದೇಶಗಳಲ್ಲಿ ಅಸ್ತಮಾದಿಂದ ಯುವಜನರು ಸಾಯುವುದು ಏಕಾಏಕಿ ಹೆಚ್ಚಿತು. ಮಾಮೂಲಿಗಿಂತ ಐದು ಪಟ್ಟು ಪ್ರಮಾಣದ ಐಸೊಪ್ರಿನಲಿನ್ ಇದ್ದ ಇನ್ಹೇಲರ್ ಮಾರಾಟದಲ್ಲಿದ್ದ ದೇಶಗಳಲ್ಲಿಯೇ ಈ ಏರಿಕೆ ಎದ್ದು ಕಂಡಿತು. ಎಚ್ಚರಿಕೆಗಳು ಹೊರಬಿದ್ದು ಮಾರಾಟ ಇಳಿದಂತೆ ಸಾವುಗಳೂ ಇಳಿದವು. ಆ ವೇಳೆಗೆ, 1969ರಲ್ಲಿ, ಹೃದಯವನ್ನು ಅಷ್ಟಾಗಿ ಕೆಣಕದೆ ಶ್ವಾಸನಾಳಗಳ ಮೇಲೆ ಹೆಚ್ಚಾಗಿ ಕೆಲಸ ಮಾಡುವ ಸಾಲ್ಬುಟಮಾಲ್ ಬಂತು. ಕೆಲವೇ ನಿಮಿಷಗಳಲ್ಲಿ ನಾಳಗಳನ್ನು ಸಡಿಲಿಸಿ ನಾಲ್ಕರಿಂದ ಆರು ಗಂಟೆ ಉಪಶಮನ ಕೊಡುವ ಈ ಔಷಧವೇ ಅನೇಕ ಕಡೆ ನೀಲಿ ಬಣ್ಣದ ಇನ್ಹೇಲರಿನಲ್ಲಿ ಇಂದಿಗೂ ಸಿಗುವುದು. ಆದರೆ 1976ರ ನಂತರ ನ್ಯೂಜಿಲೆಂಡಿನಲ್ಲಿ ಸಾವುಗಳು ಮತ್ತೆ ಏರಿದವು. 1989ರಲ್ಲಿ ಪ್ರಕಟವಾದ ಅಧ್ಯಯನ ಅದೇ ವರ್ಗದ ಫೆನೊಟೆರಾಲ್ ಇನ್ಹೇಲರಿನತ್ತ ಬೆರಳು ತೋರಿತು. ಔಷಧದ್ದೇ ದೋಷವೇ, ಅಥವಾ ಅದು ಕೊಡುವ ತಾತ್ಕಾಲಿಕ ಆರಾಮದಿಂದ ರೋಗಿಗಳು ಆಸ್ಪತ್ರೆಗೆ ಹೋಗುವುದು ತಡವಾಗುತ್ತಿತ್ತೇ ಎಂಬ ವಾದ ಬಹುಕಾಲ ನಡೆಯಿತು. ಎರಡೂ ವಿವರಣೆಗಳು ಕೊನೆಗೆ ಒಂದೇ ಕಡೆ ಕರೆದೊಯ್ಯುತ್ತವೆ ಎಂಬುದು ನನ್ನ ಅಭಿಪ್ರಾಯ: ಕೇವಲ ಉಪಶಮನಕಾರಿ ಇನ್ಹೇಲರನ್ನು ನೆಚ್ಚಿಕೊಂಡಿರುವುದೇ ಅಪಾಯ.

ಉರಿಯೂತವನ್ನು ತಗ್ಗಿಸುವ ಇನ್ಹೇಲರ್ 1972ರಲ್ಲಿ, ಬೆಕ್ಲೊಮೆಟಾಸೋನ್ ಎಂಬ ಸ್ಟೀರಾಯ್ಡ್ ರೂಪದಲ್ಲಿ ಬಂತು. ಅದಕ್ಕೂ ಮೊದಲು ಸ್ಟೀರಾಯ್ಡನ್ನು ಮಾತ್ರೆಯಾಗಿ ನುಂಗಬೇಕಿದ್ದುದರಿಂದ ಮೂಳೆ ಸವೆತ, ಮೈತೂಕದ ಏರಿಕೆ, ರಕ್ತದೊತ್ತಡದಂಥ ತೊಂದರೆಗಳು ಜೊತೆಗೇ ಬರುತ್ತಿದ್ದವು. ಇನ್ಹೇಲರಿನ ಮೂಲಕ ಮೈಕ್ರೊಗ್ರಾಮ್ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ತಲುಪಿಸಿದಾಗ ದೇಹದ ಉಳಿದ ಭಾಗಕ್ಕೆ ಹೋಗುವ ಪ್ರಮಾಣ ಬಹಳ ಕಡಿಮೆಯಾಯಿತು. ಬಾಯಲ್ಲಿ ಶಿಲೀಂಧ್ರದ ಸೋಂಕು, ಧ್ವನಿ ಗೊಗ್ಗರಾಗುವುದು ಮಾತ್ರ ಕೆಲವರಲ್ಲಿ ಕಾಣುತ್ತದೆ. ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕೆಂದು ವೈದ್ಯರು ಹೇಳುವುದು ಅದಕ್ಕಾಗಿ. ಈ ನಿಯಂತ್ರಕ ಇನ್ಹೇಲರಿಗೆ ಒಂದು ಸಹಜ ಹಿನ್ನಡೆಯಿದೆ. ಅದರ ಪೂರ್ಣ ಪರಿಣಾಮ ಕಾಣಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಎಳೆದುಕೊಂಡ ಕ್ಷಣದಲ್ಲಿ ಏನೂ ಅನ್ನಿಸುವುದಿಲ್ಲ. ಹಾಗಾಗಿ ತಕ್ಷಣ ಹಾಯೆನಿಸುವ ಇನ್ಹೇಲರ್ ಜೇಬಿನಲ್ಲಿರುತ್ತದೆ, ರೋಗವನ್ನು ಹತೋಟಿಯಲ್ಲಿಡುವ ಇನ್ಹೇಲರ್ ಕಪಾಟಿನಲ್ಲಿ ಉಳಿದುಬಿಡುತ್ತದೆ. ಇದಕ್ಕೆ ರೋಗಿಯನ್ನು ದೂರುವುದು ಸರಿಯಲ್ಲ. ಎರಡರ ವ್ಯತ್ಯಾಸವನ್ನು ಬಿಡಿಸಿ ಹೇಳಲು ಅಗತ್ಯವಾದ ಸಮಯವನ್ನು ಚಿಕಿತ್ಸಾ ವ್ಯವಸ್ಥೆ ಅವರಿಗೆ ಕೊಟ್ಟದ್ದು ಕಡಿಮೆ.

ಸಾಧನಗಳ ಕಥೆ ಇದರ ಜೊತೆಜೊತೆಗೇ ಸಾಗಿತು. ಒತ್ತುವ ಇನ್ಹೇಲರಿನಲ್ಲಿ ಔಷಧ ರಭಸದಿಂದ ಚಿಮ್ಮುವುದರಿಂದ, ಒತ್ತುವುದೂ ಉಸಿರೆಳೆಯುವುದೂ ಒಟ್ಟಿಗೆ ಆಗದಿದ್ದರೆ ಬಹುಪಾಲು ಗಂಟಲಿಗೆ ಬಡಿದು ಅಲ್ಲಿಯೇ ಉಳಿಯುತ್ತದೆ. ನಡುವೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಸೇರಿಸಿದರೆ ಆ ರಭಸ ತಗ್ಗುತ್ತದೆ, ಮಕ್ಕಳಿಗೂ ವಯಸ್ಸಾದವರಿಗೂ ಬಳಕೆ ಸುಲಭವಾಗುತ್ತದೆ. ಪುಡಿ ಇನ್ಹೇಲರಿನಲ್ಲಿ ಚಿಮ್ಮಿಸುವ ಅನಿಲವಿಲ್ಲ. ರೋಗಿಯ ಉಸಿರಿನ ಸೆಳೆತವೇ ಪುಡಿಯನ್ನು ಒಳಗೆ ಒಯ್ಯಬೇಕು. ಸ್ವತಃ ಅಸ್ತಮಾ ರೋಗಿಯಾಗಿದ್ದ ವೈದ್ಯ ರೋಜರ್ ಆಲ್ಟೂನಿಯನ್ ಅವರ ಪ್ರಯತ್ನದಿಂದ ಸೋಡಿಯಂ ಕ್ರೋಮೊಗ್ಲೈಕೇಟ್ ಔಷಧಕ್ಕಾಗಿ ರೂಪುಗೊಂಡ ಸ್ಪಿನ್‌ಹೇಲರ್ ಈ ಬಗೆಯ ಆರಂಭದ ಸಾಧನಗಳಲ್ಲೊಂದು. ಒತ್ತುವ ಇನ್ಹೇಲರಿಗೆ ನಿಧಾನವಾದ, ಆಳವಾದ ಉಸಿರು ಬೇಕು. ಪುಡಿ ಇನ್ಹೇಲರಿಗೆ ಜೋರಾದ ಉಸಿರು ಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿ ವಿಧಾನವನ್ನು ಕಲಿಸದಿದ್ದರೆ ಸರಿಯಾದ ಔಷಧವೂ ಶ್ವಾಸಕೋಶ ಮುಟ್ಟುವುದಿಲ್ಲ. ಓಝೋನ್ ಪದರವನ್ನು ರಕ್ಷಿಸುವ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಒತ್ತುವ ಇನ್ಹೇಲರಿನಲ್ಲಿ ಔಷಧವನ್ನು ಚಿಮ್ಮಿಸುತ್ತಿದ್ದ ಹಳೆಯ ಸಿಎಫ್‌ಸಿ ಅನಿಲದ ಜಾಗಕ್ಕೆ ಎಚ್‌ಎಫ್‌ಎ ಬಂತು; ಅದು ಓಝೋನಿಗೆ ಹಾನಿ ಮಾಡದಿದ್ದರೂ ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲ.

1990ರ ದಶಕದಲ್ಲಿ ಸುಮಾರು ಹನ್ನೆರಡು ಗಂಟೆ ನಾಳಗಳನ್ನು ಸಡಿಲವಾಗಿಡುವ ಸಾಲ್ಮೆಟೆರಾಲ್ ಮತ್ತು ಫಾರ್ಮೊಟೆರಾಲ್ ಬಳಕೆಗೆ ಬಂದವು. ಸಾಲ್ಮೆಟೆರಾಲ್ ಕುರಿತ ದೊಡ್ಡ ಪ್ರಯೋಗವೊಂದನ್ನು 2003ರಲ್ಲಿ ಮಧ್ಯದಲ್ಲಿಯೇ ನಿಲ್ಲಿಸಬೇಕಾಯಿತು. ಅದನ್ನು ಬಳಸಿದವರಲ್ಲಿ ಅಸ್ತಮಾ ಸಂಬಂಧಿತ ಸಾವುಗಳು ಹೆಚ್ಚು ಕಂಡಿದ್ದವು. ಸ್ಟೀರಾಯ್ಡ್ ಇಲ್ಲದೆ ಈ ಔಷಧಗಳನ್ನು ಅಸ್ತಮಾಕ್ಕೆ ಕೊಡಬಾರದೆಂಬ ನಿಯಮ ಆಗ ಗಟ್ಟಿಯಾಯಿತು, ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟ ಜೋಡಿ ಇನ್ಹೇಲರ್‌ಗಳು ರೂಢಿಗೆ ಬಂದವು. ಈ ಜೋಡಿಗಳೂ ಪರಸ್ಪರ ಒಂದೇ ಅಲ್ಲ. ಫಾರ್ಮೊಟೆರಾಲ್ ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸುತ್ತದೆ. ಸಾಲ್ಮೆಟೆರಾಲ್ ನಿಧಾನ, ಉಸಿರು ಕಟ್ಟಿದಾಗ ಅದನ್ನು ನೆಚ್ಚುವಂತಿಲ್ಲ.

ಫಾರ್ಮೊಟೆರಾಲಿನ ಈ ವೇಗವೇ 2019ರ ಬದಲಾವಣೆಗೆ ದಾರಿ ಮಾಡಿತು. ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ನೀಡುವ ಜಾಗತಿಕ ವೇದಿಕೆಯಾದ ಜೀನಾ, ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡುವ ಚಿಕಿತ್ಸೆಯನ್ನು ಇನ್ನು ಶಿಫಾರಸು ಮಾಡುವುದಿಲ್ಲ ಎಂದು ಆ ವರ್ಷ ಘೋಷಿಸಿತು. ಸೌಮ್ಯ ಅಸ್ತಮಾದಲ್ಲಿಯೂ, ತೊಂದರೆ ಕಂಡಾಗ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಫಾರ್ಮೊಟೆರಾಲ್ ಸೇರಿದ ಜೋಡಿಯಂಥ ಔಷಧವನ್ನು ಎಳೆದುಕೊಂಡರೆ ಪ್ರತಿ ಉಪಶಮನದ ಜೊತೆಗೂ ಸ್ಟೀರಾಯ್ಡ್ ಸೇರಿಯೇ ಒಳಹೋಗುತ್ತದೆ. ತೀವ್ರ ಉಲ್ಬಣಗಳು ಇದರಿಂದ ಕಡಿಮೆಯಾಗುತ್ತವೆಂದು ಪ್ರಯೋಗಗಳು ತೋರಿಸಿದ್ದವು. ಮೆಡಿಹೇಲರ್ ಬಂದ ಅರುವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಈ ಮಾತು ಬಂತು. ಆದರೂ ಕೇವಲ ನೀಲಿ ಇನ್ಹೇಲರಿನ ಮೇಲೆ ದಿನ ದೂಡುವವರು ಇನ್ನೂ ಬಹಳ ಮಂದಿ ಇದ್ದಾರೆ. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಉಪಶಮನಕಾರಿ ಇನ್ಹೇಲರ್‌ಗಳು ಖಾಲಿಯಾಗುತ್ತಿದ್ದರೆ ತೀವ್ರ ಉಲ್ಬಣದ ಅಪಾಯ ಹೆಚ್ಚಿದೆ ಎಂದು ಅದೇ ಮಾರ್ಗಸೂಚಿ ಎಚ್ಚರಿಸುತ್ತದೆ. ಬಣ್ಣಗಳು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಡಬ್ಬಿಯ ಮೇಲೆ ಮುದ್ರಿತವಾದ ಔಷಧದ ಹೆಸರನ್ನೇ ಓದಬೇಕು: ಅಲ್ಲಿ ಸ್ಟೀರಾಯ್ಡಿನ ಹೆಸರು ಇಲ್ಲದಿದ್ದರೆ, ಮತ್ತು ಬೇರೆ ಯಾವ ನಿಯಂತ್ರಕವೂ ಬಳಕೆಯಲ್ಲಿಲ್ಲದಿದ್ದರೆ, ಸ್ಟೀರಾಯ್ಡ್ ಏಕಿಲ್ಲ ಎಂಬುದೇ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ.