ಉಲ್ಲೇಖಗಳಿಂದ ಮೂಡಿದ ವಿಜ್ಞಾನದ ನಕ್ಷೆಗಳು: ಆರು ದಶಕಗಳ ಹಿನ್ನೆಲೆ

ವೈಜ್ಞಾನಿಕ ಸಮೀಕ್ಷಾ ಲೇಖನಗಳಲ್ಲಿ, ಸಂಶೋಧನೆಗೆ ಹಣ ಒದಗಿಸುವ ಸಂಸ್ಥೆಗಳ ವರದಿಗಳಲ್ಲಿ, ಪಿಎಚ್‌ಡಿ ಪದವಿಗಾಗಿ ಬರೆದ ಮಹಾಪ್ರಬಂಧಗಳಲ್ಲಿ ಈಗ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಕೆಂಪು, ಹಸಿರು, ನೀಲಿ ಬಣ್ಣಗಳ ನೂರಾರು ಚುಕ್ಕೆಗಳು ಹಾಳೆಯ ತುಂಬ ಹರಡಿಕೊಂಡಿರುತ್ತವೆ. ಅವುಗಳ ನಡುವೆ ತೆಳುವಾದ ಗೆರೆಗಳು ಹಾದುಹೋಗಿರುತ್ತವೆ. ಒಂದೊಂದು ಚುಕ್ಕೆಯೂ ಒಂದು ಪ್ರಬಂಧ. ಒಂದು ಪ್ರಬಂಧ ಮತ್ತೊಂದನ್ನು ಉಲ್ಲೇಖಿಸಿದ್ದರೆ ಅವೆರಡನ್ನೂ ಕೂಡಿಸುವ ಗೆರೆ ಇರುತ್ತದೆ, ತಮ್ಮೊಳಗೆ ಹೆಚ್ಚು ಗೆರೆಗಳಿಂದ ಹೆಣೆದುಕೊಂಡವು ಒಂದು ಗುಚ್ಛವಾಗಿ ಒಂದು ಬಣ್ಣ ಪಡೆಯುತ್ತವೆ. ಯಾವ ಕ್ಷೇತ್ರ ಬೆಳೆಯುತ್ತಿದೆ, ಯಾವುದು ಸೊರಗಿದೆ, ಅನುದಾನ ಎತ್ತ ಹರಿಯಬೇಕು ಎಂಬುದನ್ನು ಇಂಥ ಚಿತ್ರದಿಂದ ಓದಬಹುದು ಎಂದು ನಂಬುವವರಿದ್ದಾರೆ. ಇದು ಬರಿಯ ಅಲಂಕಾರ ಎನ್ನುವವರೂ ಇದ್ದಾರೆ. ಎರಡು ಮಾತಿಗೂ ಒಂದಷ್ಟು ಆಧಾರವಿದೆ. ಅದು ಹೇಗೆ ಎಂದು ತಿಳಿಯಬೇಕಾದರೆ ಈ ನಕ್ಷೆಗಳು ಯಾವ ಉದ್ದೇಶಕ್ಕೆ ಹುಟ್ಟಿದವು, ಎಲ್ಲಿ ದಾರಿ ಬದಲಿಸಿದವು ಎಂಬುದನ್ನು ಹಿಂದಿನಿಂದ ನೋಡಿಕೊಂಡು ಬರಬೇಕಾಗುತ್ತದೆ.

ಬೇರು ಇರುವುದು ವಿಜ್ಞಾನದಲ್ಲಿ ಅಲ್ಲ, ಕಾನೂನಿನಲ್ಲಿ. ಅಮೆರಿಕದ ಫ್ರಾಂಕ್ ಶೆಪರ್ಡ್ 1873ರಲ್ಲಿ ಆರಂಭಿಸಿದ ಸೂಚಿಯು ಒಂದು ನ್ಯಾಯಾಲಯದ ತೀರ್ಪನ್ನು ನಂತರದ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂದು ವಕೀಲರಿಗೆ ತಿಳಿಸುತ್ತಿತ್ತು. ಅದೇ ಕ್ರಮವನ್ನು ವಿಜ್ಞಾನಕ್ಕೆ ಅನ್ವಯಿಸಬಹುದೆಂದು ಮಾಹಿತಿತಜ್ಞ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. ತಳಿವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರ ಬೆಂಬಲ ಸಿಕ್ಕಿದ ಮೇಲೆ ಫಿಲಡೆಲ್ಫಿಯಾದಲ್ಲಿದ್ದ ಗಾರ್‌ಫೀಲ್ಡ್ ಅವರ ಸಂಸ್ಥೆ 1963ರಲ್ಲಿ ಮೊದಲ ವಿಜ್ಞಾನ ಉಲ್ಲೇಖ ಸೂಚಿಯನ್ನು ಹೊರತಂದಿತು. 613 ನಿಯತಕಾಲಿಕಗಳು, ಸುಮಾರು 14 ಲಕ್ಷ ಉಲ್ಲೇಖಗಳು ಅದರಲ್ಲಿದ್ದವು. ಅದರ ಗುರಿ ಹುಡುಕಾಟವಾಗಿತ್ತು: ಹಳೆಯ ಪ್ರಬಂಧವೊಂದನ್ನು ಹಿಡಿದು ಅದರ ಮುಂದಿನ ಪೀಳಿಗೆಯನ್ನು ತಲುಪುವುದು. ನಕ್ಷೆ ಬರೆಯುವುದಾಗಲಿ, ಸಂಶೋಧಕರನ್ನು ಅಳೆಯುವುದಾಗಲಿ ಆಗಿನ ಯೋಜನೆಯ ಮುಖ್ಯ ಭಾಗವಾಗಿರಲಿಲ್ಲ.

ಇದೇ ಕಾಲದಲ್ಲಿ, 1962ರಲ್ಲಿ, ಎಸ್. ಆರ್. ರಂಗನಾಥನ್ ಅವರು ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಗ್ರಂಥಾಲಯ ವಿಜ್ಞಾನದ ಮುಂದಿದ್ದ ಎರಡು ದಾರಿಗಳನ್ನು ಇವೆರಡು ಊರುಗಳ ಕೆಲಸದಲ್ಲಿ ಸ್ಪಷ್ಟವಾಗಿ ಕಾಣಬಹುದು. ರಂಗನಾಥನ್ ಅವರ ಕೋಲನ್ ವರ್ಗೀಕರಣದಲ್ಲಿ ಜ್ಞಾನದ ವಿಭಾಗಗಳನ್ನು ವಿಚಾರಪೂರ್ವಕವಾಗಿ ಮೊದಲೇ ರೂಪಿಸಲಾಗುತ್ತದೆ, ಪುಸ್ತಕವನ್ನು ಆಮೇಲೆ ಅದರ ಸ್ಥಾನಕ್ಕೆ ಸೇರಿಸಲಾಗುತ್ತದೆ. ಉಲ್ಲೇಖ ಜಾಲದಲ್ಲಿ ವಿಭಾಗಗಳು ಮೊದಲು ಇರುವುದಿಲ್ಲ. ಸಂಶೋಧಕರು ಯಾರನ್ನು ಓದಿ ಯಾರನ್ನು ಹೆಸರಿಸಿದರು ಎಂಬುದರಿಂದ ಅವು ತಾವಾಗಿ ಮೇಲೇಳಬೇಕು. ಎರಡನೆಯ ದಾರಿಯಲ್ಲಿ ವರ್ಗೀಕರಿಸುವವರ ಪೂರ್ವಗ್ರಹ ನುಸುಳುವುದಿಲ್ಲ ಎಂಬ ಆಶೆ ಆಗ ಬಲವಾಗಿತ್ತು, ಮತ್ತು ಮುಂದಿನ ಗೊಂದಲಗಳಲ್ಲಿ ಬಹುಪಾಲು ಈ ಆಶೆಯಿಂದಲೇ ಹುಟ್ಟಿದವು.

ಮೊದಲ ನಕ್ಷೆಗಳನ್ನು ಕೈಯಲ್ಲೇ ಬರೆಯಲಾಯಿತು. 1964ರಲ್ಲಿ ಗಾರ್‌ಫೀಲ್ಡ್ ಮತ್ತು ಸಂಗಡಿಗರು ಡಿಎನ್‌ಎ ಸಂಶೋಧನೆಯ ಇತಿಹಾಸವನ್ನು ಉಲ್ಲೇಖಗಳಿಂದ ಕಟ್ಟಲು ಹೊರಟರು. ಐಸಾಕ್ ಅಸಿಮೋವ್ ಅವರ ಜನಪ್ರಿಯ ಪುಸ್ತಕವೊಂದರಲ್ಲಿ ಬರುವ ಪ್ರಮುಖ ಘಟನೆಗಳನ್ನು ಒಂದು ಕಡೆ ಇಟ್ಟು, ಅದೇ ವಿಷಯದ ಪ್ರಬಂಧಗಳ ಉಲ್ಲೇಖ ಜಾಲವನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿದಾಗ ಎರಡೂ ಬಹುಮಟ್ಟಿಗೆ ತಾಳೆಯಾದವು. ಪುಸ್ತಕದಲ್ಲಿ ಬಾರದ ಕೆಲವು ಸಂಬಂಧಗಳೂ ಜಾಲದಲ್ಲಿ ಕಂಡವು. ಆ ನಕ್ಷೆಯಲ್ಲಿ ಮೆಂಡೆಲ್ ಕೂಡ ಇದ್ದಾನೆ. ಅವನ ಪ್ರಬಂಧ 1866ರಲ್ಲಿ ಅಚ್ಚಾಗಿ 1900ರವರೆಗೆ ಹೆಚ್ಚುಕಡಿಮೆ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಇದೇ ವಿಧಾನದಿಂದ ಯಾರಾದರೂ 1890ರಲ್ಲಿ ಜೀವವಿಜ್ಞಾನದ ನಕ್ಷೆ ಬರೆದಿದ್ದರೆ ಅದರಲ್ಲಿ ಅವನಿಗೆ ಜಾಗವೇ ಸಿಗುತ್ತಿರಲಿಲ್ಲ.

1965ರಲ್ಲಿ ವಿಜ್ಞಾನದ ಇತಿಹಾಸಕಾರ ಡೆರೆಕ್ ಡಿ ಸೋಲಾ ಪ್ರೈಸ್ ಇದಕ್ಕೊಂದು ಸಿದ್ಧಾಂತ ಕೊಟ್ಟರು. ಹೊಸ ಪ್ರಬಂಧಗಳು ಹಳೆಯ ಸಾಹಿತ್ಯದ ಮೇಲೆ ಸಮನಾಗಿ ಹರಡಿಕೊಳ್ಳುವುದಿಲ್ಲ, ಇತ್ತೀಚಿನ ಸಣ್ಣದೊಂದು ಭಾಗಕ್ಕೆ ದಟ್ಟವಾಗಿ ಹೆಣೆದುಕೊಳ್ಳುತ್ತವೆ ಎಂದು ಅವರು ತೋರಿಸಿದರು. ಆ ದಟ್ಟ ಅಂಚಿಗೆ ಸಂಶೋಧನಾ ಮುಂಚೂಣಿ ಎಂಬ ಹೆಸರು ನಿಂತಿತು. ಉದಾಹರಣೆಗಾಗಿ ಅವರು ಆರಿಸಿಕೊಂಡದ್ದು ಎನ್-ಕಿರಣಗಳ ಕುರಿತ ಸುಮಾರು 200 ಪ್ರಬಂಧಗಳನ್ನು. ಫ್ರಾನ್ಸಿನ ರೆನೆ ಬ್ಲೋಂಡ್ಲೊ 1903ರಲ್ಲಿ ಕಂಡೆನೆಂದು ಘೋಷಿಸಿದ ಈ ಕಿರಣಗಳು ಅಸ್ತಿತ್ವದಲ್ಲೇ ಇಲ್ಲವೆಂದು ಮರುವರ್ಷವೇ ಬಯಲಾಯಿತು. ಆರಂಭದಿಂದ ಅಂತ್ಯದವರೆಗೆ ಇಡಿಯಾಗಿ ಸಿಗುವ, ಹೊರಗಿನೊಂದಿಗೆ ಬೆರೆಯದ ಸಾಹಿತ್ಯ ಎಂಬ ಕಾರಣಕ್ಕೆ ಪ್ರೈಸ್ ಅದನ್ನು ಆರಿಸಿದ್ದರು. ಆದರೆ ಅದರಿಂದ ಇನ್ನೊಂದು ಸಂಗತಿಯೂ ಸ್ಥಾಪಿತವಾಗುತ್ತದೆ: ಇಲ್ಲದ ವಸ್ತುವಿನ ಸುತ್ತಲೂ ಅಚ್ಚುಕಟ್ಟಾದ ಉಲ್ಲೇಖ ಜಾಲ ಬೆಳೆಯಬಲ್ಲದು. ಜಾಲವು ಯಾರು ಯಾರೊಂದಿಗೆ ಮಾತನಾಡುತ್ತಿದ್ದಾರೆ ಎಂದು ಹೇಳುತ್ತದೆ. ಅವರ ಮಾತು ನಿಜವೇ ಎಂದು ಹೇಳುವುದಿಲ್ಲ. ಈ ವಿಷಯವನ್ನು ಬೋಧಿಸುವ ಪ್ರತಿಯೊಂದು ತರಗತಿಯೂ ಎನ್-ಕಿರಣಗಳಿಂದಲೇ ಆರಂಭವಾಗಬೇಕು ಎಂದು ನನಗನ್ನಿಸುತ್ತದೆ.

ಎರಡು ಪ್ರಬಂಧಗಳು ಹತ್ತಿರದವು ಎಂದು ಹೇಗೆ ನಿರ್ಧರಿಸುವುದು ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ಎಂಐಟಿಯ ಎಂ. ಎಂ. ಕೆಸ್ಲರ್ 1963ರಲ್ಲಿ ಒಂದು ಉತ್ತರ ಕೊಟ್ಟರು: ಎರಡು ಪ್ರಬಂಧಗಳ ಉಲ್ಲೇಖ ಪಟ್ಟಿಗಳಲ್ಲಿ ಸಮಾನವಾದ ಪ್ರಬಂಧಗಳು ಎಷ್ಟಿವೆಯೋ ಅಷ್ಟು ಅವು ಹತ್ತಿರ. ಪಟ್ಟಿ ಅಚ್ಚಾದ ದಿನವೇ ಸ್ಥಿರವಾಗುವುದರಿಂದ ಈ ನಂಟು ಮುಂದೆಂದೂ ಬದಲಾಗುವುದಿಲ್ಲ. ಇದನ್ನು ತಿರುವಿಹಾಕಿದವರು 1973ರಲ್ಲಿ ಫಿಲಡೆಲ್ಫಿಯಾದ ಹೆನ್ರಿ ಸ್ಮಾಲ್. ಅದೇ ವರ್ಷ ಸೋವಿಯತ್ ಒಕ್ಕೂಟದಲ್ಲಿ ಇರೀನಾ ಮಾರ್ಷಕೋವಾ ಸ್ವತಂತ್ರವಾಗಿ ಅದೇ ವಿಚಾರಕ್ಕೆ ಬಂದಿದ್ದರು. ಎರಡು ಹಳೆಯ ಪ್ರಬಂಧಗಳನ್ನು ಎಷ್ಟು ಹೊಸ ಪ್ರಬಂಧಗಳು ಒಟ್ಟಿಗೆ ಉಲ್ಲೇಖಿಸುತ್ತವೆ ಎಂಬುದೇ ಇಲ್ಲಿ ಅಳತೆ. ಇದು ಸಹ-ಉಲ್ಲೇಖ. ಹೊಸ ಓದುಗರು ಬಂದಂತೆ ಹಳೆಯ ಪ್ರಬಂಧಗಳ ನಂಟು ಬಿಗಿಯಾಗುತ್ತದೆ ಅಥವಾ ಸಡಿಲಗೊಳ್ಳುತ್ತದೆ, ಆದ್ದರಿಂದ ನಕ್ಷೆಗೆ ಕಾಲದ ಆಯಾಮ ದೊರೆಯುತ್ತದೆ. ಸ್ಮಾಲ್ ವಿಜ್ಞಾನದ ಇತಿಹಾಸವನ್ನು ಅಭ್ಯಸಿಸಿ ಬಂದವರು. ಹೆಚ್ಚು ಉಲ್ಲೇಖಗೊಂಡ ಪ್ರಬಂಧವು ಕ್ರಮೇಣ ಒಂದು ಪರಿಕಲ್ಪನೆಯ ಸಂಕೇತವಾಗುತ್ತದೆ ಎಂಬ ಅವರ ನಿಲುವಿನಲ್ಲಿ ಆ ಹಿನ್ನೆಲೆ ಕಾಣುತ್ತದೆ.

ಈ ಹಂತದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ, ಏಕೆಂದರೆ ಇಂದಿನ ತಂತ್ರಾಂಶಗಳು ಮೌನವಾಗಿ ಮಾಡಿ ಮುಗಿಸುವ ಆಯ್ಕೆಗಳೆಲ್ಲ ಆಗ ಬಹಿರಂಗವಾಗಿ ಚರ್ಚೆಯಾಗುತ್ತಿದ್ದವು. 1974ರಲ್ಲಿ ಸ್ಮಾಲ್ ಮತ್ತು ಬೆಲ್ವರ್ ಗ್ರಿಫಿತ್ 1972ರ ಮೊದಲ ತ್ರೈಮಾಸಿಕದ ಸೂಚಿಯಿಂದ 10 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಲ್ಲೇಖಗೊಂಡ ಸುಮಾರು 1,800 ಪ್ರಬಂಧಗಳನ್ನು ಆರಿಸಿ ಗುಚ್ಛಗಳಾಗಿ ಬೇರ್ಪಡಿಸಿದರು. ಹತ್ತು ಎಂಬ ಈ ಹೊಸ್ತಿಲು ಎಲ್ಲ ಕ್ಷೇತ್ರಗಳಿಗೂ ಒಂದೇ ಎತ್ತರದ್ದಲ್ಲ. ಜೀವವೈದ್ಯ ಪ್ರಬಂಧದ ಕೊನೆಗೆ ಉದ್ದನೆಯ ಉಲ್ಲೇಖ ಪಟ್ಟಿ ಇರುತ್ತದೆ, ಗಣಿತದ ಪ್ರಬಂಧಕ್ಕೆ ಕೆಲವೇ ಹೆಸರುಗಳು ಸಾಕು. ಹೀಗಾಗಿ ಒಂದೇ ಹೊಸ್ತಿಲಿಟ್ಟರೆ ಜೀವವೈದ್ಯವು ಹಾಳೆಯನ್ನು ಆಕ್ರಮಿಸುತ್ತದೆ, ಗಣಿತ ಬಹುತೇಕ ಕಾಣೆಯಾಗುತ್ತದೆ. 1985ರಲ್ಲಿ ಸ್ಮಾಲ್ ಮತ್ತು ಸ್ವೀನಿ ಪ್ರತಿ ಪ್ರಬಂಧಕ್ಕೂ ಒಟ್ಟು ಒಂದೇ ಮತವೆಂದು ಬಗೆದು ಅದನ್ನು ಪಟ್ಟಿಯ ಹೆಸರುಗಳಿಗೆ ಹಂಚುವ ಭಿನ್ನಾಂಶ ಎಣಿಕೆಯನ್ನು ತಂದದ್ದು ಈ ಅಸಮತೋಲನವನ್ನು ಸರಿಪಡಿಸಲೆಂದೇ. ಇನ್ನೊಂದು ತೊಡಕು ವಿಧಾನ ಪ್ರಬಂಧಗಳದು. ಪ್ರೋಟೀನಿನ ಪ್ರಮಾಣವನ್ನು ಅಳೆಯುವ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪ್ರಬಂಧಕ್ಕೆ ಇಂದು 3 ಲಕ್ಷಕ್ಕೂ ಮೀರಿ ಉಲ್ಲೇಖಗಳಿವೆ. ಅದನ್ನು ಯಕೃತ್ತಿನ ಸಂಶೋಧಕರೂ ಉಲ್ಲೇಖಿಸುತ್ತಾರೆ, ಮಿದುಳಿನ ಸಂಶೋಧಕರೂ ಉಲ್ಲೇಖಿಸುತ್ತಾರೆ. ಎಣಿಕೆಯನ್ನು ಹದಗೊಳಿಸದೆ ಬಿಟ್ಟರೆ ಅಂಥ ಒಂದು ಪ್ರಬಂಧವೇ ಸಂಬಂಧವಿಲ್ಲದ ಕ್ಷೇತ್ರಗಳನ್ನೆಲ್ಲ ತನ್ನತ್ತ ಎಳೆದು ಒಂದೇ ಮುದ್ದೆ ಮಾಡುತ್ತದೆ. ಆಗ ಬಳಕೆಯಲ್ಲಿದ್ದ ಗುಚ್ಛೀಕರಣ ವಿಧಾನದಲ್ಲಂತೂ ಎರಡು ಗುಂಪುಗಳು ಒಂದಾಗಲು ಒಂದೇ ಒಂದು ಗೆರೆ ಸಾಕಾಗುತ್ತಿತ್ತು.

ಈ ಮಿತಿಗಳ ಅರಿವಿದ್ದುದರಿಂದಲೇ ಸ್ಮಾಲ್ ಕೊಲಾಜೆನ್ ಎಂಬ ಪ್ರೋಟೀನಿನ ಸಂಶೋಧನೆಯ ಕುರಿತ 1977ರ ಅಧ್ಯಯನದಲ್ಲಿ ನಕ್ಷೆಯನ್ನು ನಕ್ಷೆಯಷ್ಟಕ್ಕೇ ನಂಬಲಿಲ್ಲ. 1970ರಿಂದ 1974ರವರೆಗಿನ ಗುಚ್ಛವನ್ನು ವರ್ಷವರ್ಷವೂ ಬೇರೆಬೇರೆಯಾಗಿ ಬಿಡಿಸಿದಾಗ ನಡುವೆ ಅದರ ಕೇಂದ್ರದ ಪ್ರಬಂಧಗಳು ಥಟ್ಟನೆ ಬದಲಾದದ್ದು ಕಂಡಿತು. ಪ್ರೊಕೊಲಾಜೆನ್ ಎಂಬ ಪೂರ್ವರೂಪದ ಶೋಧ ಅದಕ್ಕೆ ಕಾರಣವಾಗಿತ್ತು. ಅವರು ಆ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳಿಗೆ ಪ್ರಶ್ನಾವಳಿ ಕಳಿಸಿ, ಜಾಲ ತೋರಿಸಿದ ಬದಲಾವಣೆಯನ್ನು ಅವರೂ ಅನುಭವಿಸಿದ್ದರೇ ಎಂದು ಕೇಳಿ ಖಚಿತಪಡಿಸಿಕೊಂಡರು. ಕ್ಷೇತ್ರದ ಒಳಗಿನವರನ್ನು ಕೇಳುವ ಈ ಹೆಜ್ಜೆ ಮುಂದೆ ಅಪರೂಪವಾಯಿತು, ಮತ್ತು ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯಲ್ಲಿ ಆದ ಅತಿ ದೊಡ್ಡ ನಷ್ಟ ಅದು.

1981ರಲ್ಲಿ ಫಿಲಡೆಲ್ಫಿಯಾದ ಸಂಸ್ಥೆ ಜೀವರಸಾಯನ ಮತ್ತು ಅಣುಜೀವವಿಜ್ಞಾನದ 102 ಮುಂಚೂಣಿಗಳ ಅಟ್ಲಾಸನ್ನು ಪ್ರಕಟಿಸಿತು. ಅದೇ ಹೊತ್ತಿಗೆ ಆಕ್ಷೇಪಗಳೂ ಸ್ಪಷ್ಟ ರೂಪ ಪಡೆದಿದ್ದವು. 1979ರಲ್ಲಿ ಡೇವಿಡ್ ಎಡ್ಜ್ ಅವರು ವಿಜ್ಞಾನಿಗಳ ಅನೌಪಚಾರಿಕ ಮಾತುಕತೆ, ಭಿನ್ನಾಭಿಪ್ರಾಯ, ಪ್ರಯೋಗಾಲಯದ ಮೇಜಿನ ಮೇಲಿನ ಕೆಲಸ ಯಾವುದೂ ಉಲ್ಲೇಖ ಪಟ್ಟಿಗೆ ಇಳಿಯುವುದಿಲ್ಲ ಎಂದು ನೆನಪಿಸಿದ್ದರು. 1987ರಲ್ಲಿ ಡಯಾನಾ ಹಿಕ್ಸ್ ಸಹ-ಉಲ್ಲೇಖ ವಿಶ್ಲೇಷಣೆಯನ್ನು ವಿಜ್ಞಾನ ನೀತಿಗೆ ಬಳಸುವುದರ ಮಿತಿಗಳನ್ನು ವಿವರವಾಗಿ ಬರೆದರು. ಈ ಎಚ್ಚರಿಕೆಗಳು ಹಳೆಯವಾಗಿಲ್ಲ. ಜಪಾನಿನ ವಿಜ್ಞಾನ ನೀತಿ ಸಂಸ್ಥೆ 2002ರ ನಂತರ ನಿಯತವಾಗಿ ತರುತ್ತಿರುವ ವಿಜ್ಞಾನ ನಕ್ಷೆಗಳೂ, ಚೀನಾದ ವಿಜ್ಞಾನ ಅಕಾಡೆಮಿಯ ಪಾಲುದಾರಿಕೆಯಲ್ಲಿ 2014ರಿಂದ ಬರುತ್ತಿರುವ ಮುಂಚೂಣಿ ವರದಿಗಳೂ ಮೂಲದಲ್ಲಿ ಅದೇ ಸಹ-ಉಲ್ಲೇಖದ ತಳಹದಿಯ ಮೇಲೆ ನಿಂತಿವೆ.

ಗಣಕಗಳು ಅಗ್ಗವಾದ ಮೇಲೆ ಎಲ್ಲವೂ ವೇಗ ಪಡೆಯಿತು. ಗೆರೆಗಳನ್ನು ಸ್ಪ್ರಿಂಗುಗಳೆಂದೂ ಚುಕ್ಕೆಗಳನ್ನು ಪರಸ್ಪರ ವಿಕರ್ಷಿಸುವ ಕಣಗಳೆಂದೂ ಬಗೆದು ಸ್ಥಾನ ನಿರ್ಣಯಿಸುವ ವಿಧಾನಗಳು 1989 ಮತ್ತು 1991ರಲ್ಲಿ ಬಂದವು. ಆ ಬಳಿಕ ಸ್ಲೊವೇನಿಯಾದ ಪಾಯೆಕ್, ಚಾವೊಮೇ ಚೆನ್ ಅವರ ಸೈಟ್‌ಸ್ಪೇಸ್, ಫ್ರಾನ್ಸಿನ ಗೆಫಿ, ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ವ್ಯಾನ್ ಎಕ್ ಮತ್ತು ವಾಲ್ಟ್‌ಮನ್ ಅವರ ವಿಒಎಸ್‌ವ್ಯೂವರ್ ತಂತ್ರಾಂಶಗಳು ಕೈಗೆಟುಕಿದವು. ಇಂಥ ಚಿತ್ರದಲ್ಲಿ ಎಡ-ಬಲಕ್ಕಾಗಲಿ ಮೇಲು-ಕೆಳಗಿಗಾಗಲಿ ಅರ್ಥವಿಲ್ಲ. ಇಡೀ ಚಿತ್ರವನ್ನು ತಿರುಗಿಸಿದರೂ ಅದು ಅದೇ ಚಿತ್ರ. ಅನೇಕ ಆಯಾಮಗಳ ಸಂಬಂಧವನ್ನು ಎರಡು ಆಯಾಮಗಳಿಗೆ ಇಳಿಸುವಾಗ ಕೆಲವು ದೂರಗಳು ಅನಿವಾರ್ಯವಾಗಿ ತಪ್ಪಾಗುತ್ತವೆ. ಇಷ್ಟನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಬರೆಯುವ ಪದ್ಧತಿ ಇನ್ನೂ ಬೆಳೆದಿಲ್ಲ.

ಗುಚ್ಛಗಳನ್ನು ಕತ್ತರಿಸುವ ಕ್ರಮವಿಧಿಗಳು (ಅಲ್ಗಾರಿದಮ್‌ಗಳು) ಈ ಹೊತ್ತಿಗೆ ಭೌತವಿಜ್ಞಾನಿಗಳ ಕೈಗೆ ಬಂದಿದ್ದವು. ಆಕಸ್ಮಿಕವಾಗಿ ಇರಬಹುದಾದುದಕ್ಕಿಂತ ಹೆಚ್ಚು ಗೆರೆಗಳು ಗುಚ್ಛದೊಳಗೆ ಇವೆಯೇ ಎಂದು ಅಳೆಯುವ ಮಾಡ್ಯುಲಾರಿಟಿ ಎಂಬ ಮಾನವನ್ನು ನ್ಯೂಮನ್ ಮತ್ತು ಗಿರ್ವಾನ್ 2004ರಲ್ಲಿ ರೂಢಿಗೆ ತಂದರು. ಅದನ್ನು ಲಕ್ಷಾಂತರ ಚುಕ್ಕೆಗಳ ಮೇಲೆ ಕ್ಷಿಪ್ರವಾಗಿ ನಡೆಸುವ ಲೂವೆನ್ ಕ್ರಮವಿಧಿ 2008ರಲ್ಲಿ ಬೆಲ್ಜಿಯಂನಿಂದ ಬಂತು. ಆದರೆ ದೊಡ್ಡ ಪಟ್ಟಣ ಬೆಳೆದಾಗ ಪಕ್ಕದ ಸಣ್ಣ ಹಳ್ಳಿ ಅದರ ಬಡಾವಣೆಯಾಗಿ ಹೆಸರು ಕಳೆದುಕೊಳ್ಳುವಂತೆ, ಜಾಲ ಹಿಗ್ಗಿದಾಗ ಮಾಡ್ಯುಲಾರಿಟಿಯ ಲೆಕ್ಕದಲ್ಲಿ ಸಣ್ಣ ಗುಚ್ಛಗಳು ದೊಡ್ಡವುಗಳಲ್ಲಿ ಕರಗಿಹೋಗುತ್ತವೆ ಎಂದು ಫೋರ್ಚುನಾಟೊ ಮತ್ತು ಬಾರ್ತೆಲೆಮಿ 2007ರಲ್ಲೇ ಸಾಧಿಸಿದ್ದರು. 2019ರಲ್ಲಿ ಟ್ರಾಗ್, ವಾಲ್ಟ್‌ಮನ್, ವ್ಯಾನ್ ಎಕ್ ಇನ್ನೊಂದು ದೋಷವನ್ನು ತೋರಿಸಿದರು: ಲೂವೆನ್ ಕೊಟ್ಟ ಗುಚ್ಛಗಳಲ್ಲಿ ಶೇ 25ರವರೆಗೆ ದುರ್ಬಲವಾಗಿ ಬೆಸೆದವು, ಶೇ 16ರವರೆಗೆ ಒಳಗೊಳಗೇ ತುಂಡಾದವು ಇರಬಹುದು. ಒಂದೇ ಬಣ್ಣದ ಚುಕ್ಕೆಗಳ ನಡುವೆ ಆ ಬಣ್ಣದೊಳಗಿನ ದಾರಿಯೇ ಇಲ್ಲದಿರಬಹುದು ಎಂಬುದು ಇದರ ಅರ್ಥ. ಅವರು ಸೂಚಿಸಿದ ಲೈಡನ್ ಕ್ರಮವಿಧಿ ಇದನ್ನು ತಡೆಯುತ್ತದೆ. ಆದರೆ ನಡುವಿನ ಹನ್ನೊಂದು ವರ್ಷಗಳಲ್ಲಿ ಲೂವೆನ್‌ನಿಂದ ತಯಾರಾದ ಅಸಂಖ್ಯ ನಕ್ಷೆಗಳು ಇದ್ದಲ್ಲೇ ಇವೆ.

ಕ್ರಮವಿಧಿ ಉತ್ತಮಗೊಂಡಂತೆ ಒಂದೇ ಸರಿಯಾದ ನಕ್ಷೆಯ ಕಡೆಗೆ ಹೋಗುತ್ತೇವೆಯೇ? 2017ರಲ್ಲಿ ಇದಕ್ಕೆ ನೇರ ಪರೀಕ್ಷೆಯ ಫಲಿತಾಂಶ ಹೊರಬಂತು. ಖಗೋಳವಿಜ್ಞಾನದ 1.1 ಲಕ್ಷಕ್ಕೂ ಹೆಚ್ಚು ಪ್ರಬಂಧಗಳ ಒಂದೇ ದತ್ತಾಂಶವನ್ನು ಹಲವು ತಂಡಗಳು ತಮ್ಮ ತಮ್ಮ ವಿಧಾನಗಳಿಂದ ವಿಂಗಡಿಸಿದವು. ಫಲಿತಾಂಶಗಳು ಬೇರೆಬೇರೆಯಾಗಿದ್ದವು, ಮತ್ತು ಒಂದನ್ನು ಸರಿ ಎಂದು ಎತ್ತಿಹಿಡಿಯಲು ಆಧಾರವಿರಲಿಲ್ಲ. ನೇರ ಉಲ್ಲೇಖವನ್ನು ನೋಡುವವರಿಗೆ ಒಂದು ರಚನೆ ಕಾಣುತ್ತದೆ, ಪದಗಳ ಸಾಮ್ಯವನ್ನು ನೋಡುವವರಿಗೆ ಇನ್ನೊಂದು. ಇದನ್ನು ವಿಧಾನದ ಸೋಲೆಂದು ತಿಳಿಯಬೇಕಿಲ್ಲ. ಆದರೆ ಒಂದೇ ನಕ್ಷೆಯ ಆಧಾರದ ಮೇಲೆ ಒಂದು ವಿಭಾಗಕ್ಕೆ ಹಣ ಕೊಟ್ಟು ಇನ್ನೊಂದನ್ನು ಕೈಬಿಡುವ ನಿರ್ಧಾರ ಎಷ್ಟು ದುರ್ಬಲವೆಂದು ಇದರಿಂದ ತಿಳಿಯುತ್ತದೆ.

ಉಲ್ಲೇಖ ಜಾಲದ ನಿಜವಾದ ಶಕ್ತಿ ಸಣ್ಣ, ಖಚಿತ ಪ್ರಶ್ನೆಗಳಲ್ಲಿ ಕಾಣುತ್ತದೆ. 2009ರಲ್ಲಿ ಸ್ಟೀವನ್ ಗ್ರೀನ್‌ಬರ್ಗ್ ಒಂದು ಸ್ನಾಯುರೋಗದಲ್ಲಿ ಬೀಟಾ ಅಮಿಲಾಯ್ಡ್ ಪ್ರೋಟೀನಿನ ಪಾತ್ರವಿದೆ ಎಂಬ ನಂಬಿಕೆಯನ್ನು ಬೆನ್ನುಹತ್ತಿದರು. 242 ಪ್ರಬಂಧಗಳು, ಅವುಗಳ ನಡುವಿನ 675 ಉಲ್ಲೇಖಗಳನ್ನು ಒಂದೊಂದಾಗಿ ಓದಿ ಜಾಲ ಕಟ್ಟಿದಾಗ, ನಂಬಿಕೆಗೆ ವಿರುದ್ಧವಾದ ಪ್ರಯೋಗಗಳನ್ನು ನಂತರದವರು ಉಲ್ಲೇಖಿಸದೆ ಬಿಟ್ಟದ್ದು, ಊಹೆಯೊಂದು ಉಲ್ಲೇಖದಿಂದ ಉಲ್ಲೇಖಕ್ಕೆ ದಾಟುತ್ತ ಸಂಗತಿಯಾಗಿಬಿಟ್ಟದ್ದು ಬೆಳಕಿಗೆ ಬಂತು. ಇಲ್ಲಿ ನಕ್ಷೆಯ ಜೊತೆಗೆ ಓದೂ ಇತ್ತು ಎಂಬುದು ಮುಖ್ಯ.

ಇವೆಲ್ಲದರ ಅಡಿಯಲ್ಲಿ ದತ್ತಾಂಶದ ಒಡೆತನದ ಪ್ರಶ್ನೆಯಿದೆ. ದಶಕಗಳ ಕಾಲ ಉಲ್ಲೇಖ ಪಟ್ಟಿಗಳು ಚಂದಾ ಕೊಟ್ಟವರಿಗಷ್ಟೇ ತೆರೆಯುವ ಕೋಶಗಳಲ್ಲಿದ್ದವು. ನಕ್ಷೆಯನ್ನು ಪ್ರಕಟಿಸಿದವರೂ ಅದರ ಮೂಲ ದತ್ತಾಂಶವನ್ನು ಇತರರಿಗೆ ಕೊಡುವಂತಿರಲಿಲ್ಲ, ಹೀಗಾಗಿ ಮರುಪರೀಕ್ಷೆ ಕಷ್ಟವಾಗಿತ್ತು. 2017ರ ಏಪ್ರಿಲ್‌ನಲ್ಲಿ ಮುಕ್ತ ಉಲ್ಲೇಖಗಳ ಚಳವಳಿ ಪ್ರಕಟವಾದಾಗ, ಪ್ರಕಾಶಕರು ಪ್ರಬಂಧಗಳ ವಿವರಗಳನ್ನು ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ಗೆ ಒಪ್ಪಿಸಿದ ಪಟ್ಟಿಗಳಲ್ಲಿ ಮುಕ್ತವಾಗಿದ್ದವುಗಳ ಪ್ರಮಾಣ ಶೇ 1ರಿಂದ ಶೇ 40ಕ್ಕೆ ಏರಿತ್ತು. 2022ರಲ್ಲಿ ಅವೆಲ್ಲವೂ ಮುಕ್ತವಾದವು. ಅದೇ ವರ್ಷ ಓಪನ್‌ಅಲೆಕ್ಸ್ ಎಂಬ ಉಚಿತ ಕೋಶ ಆರಂಭವಾಯಿತು, 2024ರಲ್ಲಿ ಲೈಡನ್ ವಿಶ್ವವಿದ್ಯಾಲಯವು ತನ್ನ ವಿಶ್ವವಿದ್ಯಾಲಯ ಶ್ರೇಯಾಂಕದ ಮುಕ್ತ ಆವೃತ್ತಿಯನ್ನು ಅದರಿಂದಲೇ ಸಿದ್ಧಪಡಿಸಿತು.

ಆದರೂ ಮುಕ್ತವಾದದ್ದು ಯಂತ್ರಕ್ಕೆ ಓದಲು ಬರುವಂತೆ ಒಪ್ಪಿಸಿದ ಪಟ್ಟಿಗಳು ಮಾತ್ರ. ಶಾಸನ, ಹಸ್ತಪ್ರತಿ, ಜಾನಪದಗಳ ಬಗ್ಗೆ ಕನ್ನಡದಲ್ಲಿ ನಡೆದಿರುವ ಸಂಶೋಧನೆಯ ಉಲ್ಲೇಖಗಳು ಬಹುಪಾಲು ಅಚ್ಚಾದ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿವೆ. ಅವು ದತ್ತಾಂಶವಾಗಿ ಎಲ್ಲಿಯೂ ದಾಖಲಾಗದ ಕಾರಣ ಆ ವಿದ್ವತ್ತು ಯಾವ ನಕ್ಷೆಯಲ್ಲೂ ಸರಿಯಾಗಿ ಕಾಣುವುದಿಲ್ಲ, ಅಲ್ಲಿ ದಟ್ಟವಾದ ಚರ್ಚೆಗಳು ನಡೆದಿದ್ದರೂ ಖಾಲಿ ಜಾಗವೆಂದೇ ತೋರುತ್ತದೆ. ನಿಯತಕಾಲಿಕಗಳು ತಮ್ಮ ಪ್ರಬಂಧಗಳಿಗೆ ಡಿಒಐ ಎಂಬ ಶಾಶ್ವತ ಗುರುತು ಪಡೆದು ಉಲ್ಲೇಖ ಪಟ್ಟಿಯನ್ನು ಅದರೊಂದಿಗೆ ಸಲ್ಲಿಸುವುದು ತಾಂತ್ರಿಕವಾಗಿ ಇಂದೇ ಸಾಧ್ಯವಿರುವ ಕೆಲಸ. ಹಳೆಯ ಸಂಚಿಕೆಗಳ ಅಡಿಟಿಪ್ಪಣಿಗಳನ್ನು ದಾಖಲಿಸುವುದಕ್ಕೆ ಮಾತ್ರ ವಿಷಯ ಬಲ್ಲ ಓದುಗರು ಪುಟಪುಟವಾಗಿ ಕೂತು ಕೆಲಸ ಮಾಡಬೇಕಾಗುತ್ತದೆ.