ಐಸಿಯು ರೌಂಡ್ಸಿನಲ್ಲಿ ಫಾರ್ಮಸಿಸ್ಟ್‌ಗೇನು ಕೆಲಸ?

ಐಸಿಯು ಚಾರ್ಟ್ ಕೈಗೆ ಬಂದೊಡನೆ ನನ್ನ ಕಣ್ಣು ಹೋಗುವುದು ಡೋಸಿನ ಪಕ್ಕದಲ್ಲಿರುವ ಯೂನಿಟ್ ಕಡೆಗೆ. ಬೇರೆ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಸೋಂಕಿಗೆ ಕೊಡುವ ಕೊಲಿಸ್ಟಿನ್ನನ್ನೇ ನೋಡಿ. 10 ಲಕ್ಷ ಯೂನಿಟ್ ಎಂದರೆ ಕೊಲಿಸ್ಟಿಮೆಥೇಟ್ (ಇಂಜೆಕ್ಷನ್ನಿನಲ್ಲಿರುವ ರೂಪ) ಲೆಕ್ಕದಲ್ಲಿ ಸುಮಾರು 80 ಮಿ.ಗ್ರಾಂ, ಅಮೆರಿಕದವರು ಹಿಡಿಯುವ ಬೇಸ್ (ಅದರಿಂದ ಸಿಗುವ ಕೊಲಿಸ್ಟಿನ್ ಮಾತ್ರ) ಲೆಕ್ಕದಲ್ಲಿ ಸುಮಾರು 33. ಮೊದಲಿಗೆ ಕೊಡುವ ದೊಡ್ಡ ಡೋಸಿಗೆ ಯಾರೋ ‘ಲೋಡಿಂಗ್ 300 ಮಿ.ಗ್ರಾಂ’ ಎಂದಷ್ಟೇ ಬರೆದರು ಎನ್ನಿ. ಬೇಸ್ ಎಂದು ಹಿಡಿದರೆ ಅದು 90 ಲಕ್ಷ ಯೂನಿಟ್. ಇನ್ನೊಂದು ಲೆಕ್ಕದಲ್ಲಿ 40 ಲಕ್ಷವೂ ಆಗುವುದಿಲ್ಲ. ಕಡಿಮೆ ಬಿದ್ದರೆ ಸೋಂಕು ಕೈಮೀರುತ್ತದೆ, ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ಆದ್ದರಿಂದ ನನ್ನದೊಂದೇ ಹಟ: ಮಿಲಿಗ್ರಾಂ ಬೇಡ, ‘9 ಮಿಲಿಯನ್ ಯೂನಿಟ್’ ಎಂದು ಪೂರ್ತಿ ಬರೆಯಿರಿ.

ವೆಂಟಿಲೇಟರ್ ಮೇಲಿರುವವರಿಗೆ ಮಾತ್ರೆಯನ್ನು ಪುಡಿ ಮಾಡಿ, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಕೊಡುತ್ತಾರೆ. ಬಿಪಿಗೆ ಕೊಡುವ ನಿಫೆಡಿಪಿನ್ ರಿಟಾರ್ಡ್ ಮಾತ್ರೆಯನ್ನು ಹಾಗೆ ಪುಡಿ ಮಾಡಿದರೆ, ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧವೆಲ್ಲ ಒಮ್ಮೆಲೇ ರಕ್ತ ಸೇರಿ ಬಿಪಿ ಕುಸಿಯುತ್ತದೆ. “ಸಿಸ್ಟರ್, ಇದನ್ನ ಪುಡಿ ಮಾಡ್ಬೇಡಿ, ಸರ್ ಹತ್ರ ಮಾತಾಡಿ ಬೇರೆ ಬರೆಸ್ತೀನಿ” ಎಂದು ಆ ಹೊತ್ತಿಗೆ ಹೇಳುವವರು ಬೆಡ್ ಪಕ್ಕದಲ್ಲೇ ಇರಬೇಕು. ಫಿಟ್ಸ್ ತಡೆಯುವ ಫೆನಿಟಾಯಿನ್‌ದು ಇನ್ನೊಂದು ತಕರಾರು: ಟ್ಯೂಬಿನಲ್ಲಿ ಕೊಡುವ ಆಹಾರದ (ಫೀಡ್) ಜೊತೆಗೆ ಹೋದರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ, ಫಿಟ್ಸ್ ಮತ್ತೆ ಬರಬಹುದು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಐಸಿಯು ರೌಂಡ್ಸಿಗೆ ಹಿರಿಯ ಫಾರ್ಮಸಿಸ್ಟ್ ಒಬ್ಬರನ್ನು ಸೇರಿಸಿ ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಔಷಧ ಬರೆಯುವ ಹಂತದ ತಪ್ಪಿನಿಂದಾಗುವ, ತಡೆಯಬಹುದಾದ ಹಾನಿ 1000 ರೋಗಿ-ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) 10.4ರಿಂದ 3.5ಕ್ಕೆ ಇಳಿದಿತ್ತು. ಅವರು ಕೊಟ್ಟ 366 ಸಲಹೆಗಳಲ್ಲಿ 362ನ್ನು ವೈದ್ಯರು ಒಪ್ಪಿಕೊಂಡರು. ನನಗೆ ಹಿಡಿಸುವುದು ಈ ಎರಡನೆಯ ಅಂಕಿ. ಡೋಸ್ ಹೋದ ಮೇಲೆ ಮಧ್ಯಾಹ್ನ ಫೋನ್ ಮಾಡಿ ‘ಇದು ಸರಿಯಿಲ್ಲ’ ಎಂದರೆ ತಪ್ಪು ಹುಡುಕಿದಂತೆ ಕೇಳಿಸುತ್ತದೆ; ಬರೆಯುವಾಗಲೇ ಹೇಳಿದರೆ ಪೆನ್ನು ಅಲ್ಲೇ ತಿದ್ದುತ್ತದೆ.

ನಮ್ಮ ದೇಶದಲ್ಲಿ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ಶುರುವಾದದ್ದು 2008ರಲ್ಲಿ. ಕಲಿತವರು ಇದ್ದಾರೆ, ಐಸಿಯುನಲ್ಲಿ ಅವರಿಗೊಂದು ಹುದ್ದೆ ತೆರೆಯಲು ಆಡಳಿತ ಮಂಡಳಿಗಳು ಯಾಕೆ ಮೀನಮೇಷ ಎಣಿಸುತ್ತವೋ!

ಹುದ್ದೆ ಇದ್ದಲ್ಲೂ ರೌಂಡ್ಸ್ ನಡೆಯುವುದು ಬೆಳಿಗ್ಗೆ, ರೋಗಿ ಬರುವುದು ರಾತ್ರಿ ಎರಡಕ್ಕೆ. “ಬಿಪಿಗೆ ಒಂದು ಬಿಳಿ ಮಾತ್ರೆ, ಶುಗರ್‌ಗೆ ಇನ್ನೊಂದು” ಎನ್ನುತ್ತಾರೆ ಮನೆಯವರು. ಆ ಮಾತಿನ ಮೇಲೆ ಯಾವ ಔಷಧ ಮುಂದುವರಿಸುವುದು, ಯಾವುದನ್ನು ನಿಲ್ಲಿಸುವುದು? ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಬನ್ನಿ, ನಾಟಿ ಔಷಧದ ಪೊಟ್ಟಣವನ್ನೂ ಸೇರಿಸಿ.